ಪ್ರಸಾರವಾಗದ ಹನ್ನೆರಡು ನಿಮಿಷ

"ನನ್ನ ತಂಗಿ ಎಲ್ಲಿ?"

ಸ್ಟುಡಿಯೋದ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದವನು ಆಡಿದ ಮೊದಲ ಮಾತು ಅದು.

ಮೈಕಿನ ಮುಂದೆ ಕುಳಿತಿದ್ದ ಪುಷ್ಪಾವತಿ ಬೆಚ್ಚಿಬಿದ್ದಳು. ಗೋಡೆಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ನೇರ ಪ್ರಸಾರ! ಇಲ್ಲಿ ಆಡಿದ ಒಂದೊಂದು ಮಾತೂ ಆ ಕ್ಷಣವೇ ಹೊನ್ನಾಳಿಯ ಸುತ್ತಮುತ್ತಲ ಮನೆಗಳಲ್ಲಿ, ಚಹಾದಂಗಡಿಗಳಲ್ಲಿ, ಗದ್ದೆಯ ಬದುಗಳಲ್ಲಿ ಕೇಳುತ್ತದೆ.

"ಯಾರ್ರೀ ನೀವು? ದಯವಿಟ್ಟು ಹೊರಗೆ..."

"ಪುಷ್ಪಾವತಿ ಅಂದ್ರೆ ನೀವೇನಾ? ನನ್ನ ತಂಗಿ ಬಾಯಲ್ಲಿ ಮನೆ ಮಾತೆಲ್ಲ ಆಡಿಸಿ ಊರಿಗೆ ಕೇಳಿಸಿದ್ರಲ್ಲ... ಈಗ ಅವಳು ಎಲ್ಲಿ ಅದಾಳೆ ಹೇಳ್ರಿ! ನಾಕು ದಿನ ಆತು. ಬದುಕ್ಯಾಳೋ ಇಲ್ಲೋ ಅದೂ ಗೊತ್ತಿಲ್ಲ!"

ಆ ದನಿಯಲ್ಲಿ ಸಿಟ್ಟಿತ್ತು. ಆದರೆ ಸಿಟ್ಟಿಗಿಂತ ಹೆಚ್ಚಾಗಿ ಭಯವಿತ್ತು. ಕೆದರಿದ ಕೂದಲು, ಕೆಂಪಗಾದ ಕಣ್ಣು, ನಿದ್ದೆ ಕಾಣದ ಮುಖ...

ಪಕ್ಕದ ಕೋಣೆಯಿಂದ ಮರುಳಸಿದ್ದಪ್ಪನವರು ಓಡಿ ಬಂದರು. ನಿವೃತ್ತ ಹೆಡ್‌ಮಾಸ್ಟರು. ಈ ಸಮುದಾಯ ರೇಡಿಯೋ ಕೇಂದ್ರ ನಡೆಸುವವರು ಅವರೇ. ಕೈ ಚಾಚಿ ಮೈಕು ಬಂದ್ ಮಾಡಿ, ಒಂದು ಭಾವಗೀತೆ ಹಚ್ಚಿದರು. ಕೆಂಪು ದೀಪ ಆರಿತು.

"ನಿಮ್ಮ ತಂಗಿ ಹೆಸರು?" ಪುಷ್ಪಾವತಿ ಕೇಳಿದಳು.

"ಸುನೀತಾ."

ಅವಳಿಗೆ ಆ ಹೆಸರು ಗೊತ್ತಿತ್ತು.

* * *

'ನನ್ನ ಮಾತು'. ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಬರುವ ಸಂದರ್ಶನ ಕಾರ್ಯಕ್ರಮ. ಪುಷ್ಪಾವತಿಯೇ ಊರೂರು ತಿರುಗಿ ಜನರನ್ನು ಮಾತಾಡಿಸಿ, ರೆಕಾರ್ಡ್ ಮಾಡಿ, ಎಡಿಟ್ ಮಾಡಿ ಪ್ರಸಾರ ಮಾಡುತ್ತಿದ್ದಳು. ಮೂರು ವರ್ಷಗಳಲ್ಲಿ ಹೂವಿನ ವ್ಯಾಪಾರಿಗಳು, ಸೂಲಗಿತ್ತಿಯರು, ಹರಿಗೋಲು ಹಾಕುವವರು, ಎಲ್ಲರೂ ಅವಳ ಮುಂದೆ ಮನಸ್ಸು ಬಿಚ್ಚಿದ್ದರು.

ಒಂದೂವರೆ ತಿಂಗಳ ಹಿಂದೆ ನ್ಯಾಮತಿಯಲ್ಲಿ ಮಹಿಳಾ ಸಂಘದ ರೆಕಾರ್ಡಿಂಗ್ ಮುಗಿಸಿ ಹೊರಟಾಗ ಒಬ್ಬ ಹೆಂಗಸು ಕಂಬದ ಹತ್ತಿರ ನಿಂತೇ ಇದ್ದಳು. ಎಲ್ಲರೂ ಹೋಗುವವರೆಗೂ ಕಾದು, ಮೆಲ್ಲಗೆ ಬಂದಿದ್ದಳು.

"ಅಕ್ಕ, ನನ್ನ ಮಾತೂ ಕೇಳ್ತೀರಾ?"

ಅವಳೇ ಸುನೀತಾ. ತವರು ನ್ಯಾಮತಿ. ಚನ್ನಗಿರಿ ಕಡೆ ಕೆರೆಬಿಳಚಿ ಹತ್ತಿರದ ಹಳ್ಳಿಗೆ ಮದುವೆಯಾಗಿ ನಾಲ್ಕು ವರ್ಷ. ಮಕ್ಕಳಾಗಿಲ್ಲ. ಗಂಡಹೆಂಡತಿ ಇಬ್ಬರೂ ತಪಾಸಣೆ ಮಾಡಿಸಿದಾಗ ಕೊರತೆ ಇದ್ದದ್ದು ಗಂಡ ರಮೇಶನಲ್ಲಿ. ಆ ರಿಪೋರ್ಟನ್ನು ಅತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. 'ಈ ಮಾತು ನಿನ್ನ ಹೊಟ್ಟೇಲೇ ಇರ್ಲಿ' ಅಂದಿದ್ದರು.

ಅಂದಿನಿಂದ ನಾಮಕರಣ, ಸೀಮಂತ, ಎಲ್ಲೇ ಹೋದರೂ ಬಂಜೆ ಎಂಬ ಮಾತು ಸುನೀತಾಳ ಬೆನ್ನ ಹಿಂದೆಯೇ ಬರುತ್ತಿತ್ತು. ಈಗ ರಮೇಶನಿಗೆ ಎರಡನೇ ಹೆಣ್ಣು ಹುಡುಕುತ್ತಿದ್ದಾರೆ...

ಪುಷ್ಪಾವತಿ ಹೆಸರು ಬದಲಿಸಿದ್ದಳು. ಊರು ಬದಲಿಸಿದ್ದಳು. ಆದರೆ ದನಿ? ದನಿಯನ್ನು ಹಾಗೇ ಬಿಟ್ಟಿದ್ದಳು!

ಕೇಂದ್ರದ ಪ್ರಸಾರ ಚನ್ನಗಿರಿ ಕಡೆ ಮುಟ್ಟುವುದಿಲ್ಲ ಎಂಬ ಧೈರ್ಯ ಅವಳಿಗೆ. ಕಳೆದ ಶನಿವಾರ ಪ್ರಸಾರವಾದಾಗ ಯಾರೋ ಆ ಸಂದರ್ಶನದ ನಾಲ್ಕು ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕಿದ್ದರು. ಗ್ರೂಪಿನಿಂದ ಗ್ರೂಪಿಗೆ ಹಾರುತ್ತಾ ಅದು ಭಾನುವಾರ ಬೆಳಿಗ್ಗೆ ಸುನೀತಾಳ ಅತ್ತೆಯ ಫೋನಿಗೇ ಬಂದು ಬಿದ್ದಿತ್ತು.

ಭಾನುವಾರ ಮಧ್ಯಾಹ್ನ ಸುನೀತಾ ಆ ಮನೆಯ ಹೊಸಿಲು ದಾಟಿದವಳು ಮತ್ತೆ ಯಾರಿಗೂ ಕಾಣಲಿಲ್ಲ. ಫೋನನ್ನು ಅಲ್ಲೇ ಕಿಟಕಿಯ ಮೇಲೆ ಇಟ್ಟು ಹೋಗಿದ್ದಳು.

ಸ್ಟುಡಿಯೋಗೆ ನುಗ್ಗಿದ ಇವನು ಅವಳ ಅಣ್ಣ ನಿಂಗರಾಜ್. ನ್ಯಾಮತಿಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟುಕೊಂಡವನು. ತಂದೆತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಓದಿಸಿದ್ದೂ ಅವನೇ, ಧಾರೆ ಎರೆದು ಕೊಟ್ಟದ್ದೂ ಅವನೇ. ಅವನಿಗೆ ಸುದ್ದಿ ಮುಟ್ಟಿದ್ದು ಮೂರು ದಿನ ಕಳೆದ ಮೇಲೆ!

'ದೇವರೇ... ನಾನೇನು ಮಾಡಿಬಿಟ್ಟೆ?' ಪುಷ್ಪಾವತಿ ಕುರ್ಚಿಯಿಂದ ಎದ್ದಳು.

"ನಾನೂ ಬರ್ತೀನಿ ಹುಡುಕಾಕೆ," ಅಂದಳು.

"ಬೇಡ. ನಿಮ್ಮ ಉಪಕಾರ ಸಾಕು." ನಿಂಗರಾಜ್ ಹಲ್ಲು ಕಚ್ಚಿದ. "ಅವಳು ಮಾತಾಡಿದ್ದು ಪೂರ್ತಿ ಕೇಳಿಸ್ರಿ. ಎಲ್ಲಿಗೆ ಹೋಗ್ಯಾಳೆ ಅಂತ ಅದರಾಗೆ ಏನಾದ್ರೂ ಸಿಗಬಹುದು."



ಸುನೀತಾ ಒಟ್ಟು ಮೂವತ್ತೆಂಟು ನಿಮಿಷ ಮಾತಾಡಿದ್ದಳು. ಪ್ರಸಾರವಾಗಿದ್ದು ಇಪ್ಪತ್ತಾರು. ಉಳಿದ ಹನ್ನೆರಡು ನಿಮಿಷಗಳ ಬಗ್ಗೆ ಅವಳು ಕೈ ಹಿಡಿದು ಬೇಡಿಕೊಂಡಿದ್ದಳು. 'ಇದನ್ನ ಯಾರಿಗೂ ಕೇಳಿಸಬ್ಯಾಡಿ ಅಕ್ಕ. ನಮ್ಮಣ್ಣಂಗಂತೂ ಬ್ಯಾಡವೇ ಬ್ಯಾಡ.'

"ಪ್ರಸಾರ ಆಗಿದ್ದಷ್ಟನ್ನ ಕೇಳಿಸ್ತೀನಿ. ಉಳಿದದ್ದು... ನಾನು ಮಾತು ಕೊಟ್ಟೀನಿ. ನಾನೇ ಮತ್ತೆ ಮತ್ತೆ ಕೇಳಿ ನೋಡ್ತೀನಿ. ಏನಾದ್ರೂ ಸಿಕ್ಕರೆ ತಕ್ಷಣ ಹೇಳ್ತೀನಿ."

"ಮಾತು ಕೊಟ್ಟೀರಾ?" ನಿಂಗರಾಜ್ ನಕ್ಕ. ಅದು ನಗುವಾಗಿರಲಿಲ್ಲ. "ಅವಳ ಜೀವ ಹೋದ್ರೂ ಪರವಾಗಿಲ್ಲ, ನಿಮ್ಮ ತಪ್ಪು ಹೊರಗೆ ಬರಬಾರದು. ಅಷ್ಟೇ ತಾನೇ?"

ಅವನು ಬಾಗಿಲು ಬಡಿದು ಹೊರಟುಹೋದ.

ಪುಷ್ಪಾವತಿ ಹೆಡ್‌ಫೋನ್ ಹಾಕಿಕೊಂಡು ಆ ಹನ್ನೆರಡು ನಿಮಿಷಗಳನ್ನು ಕೇಳಿದಳು. ಒಂದು ಸಲ, ಎರಡು ಸಲ, ಐದು ಸಲ... ಯಾವ ಊರಿನ ಹೆಸರೂ ಇಲ್ಲ. ಯಾರ ಹೆಸರೂ ಇಲ್ಲ. ಇದ್ದದ್ದು ಆ ಅಣ್ಣನ ಮೇಲಿನ ನೋವು ಮಾತ್ರ.

'ಇದನ್ನು ಕೇಳಿದರೆ ಅವನು ಈ ಸ್ಥಿತಿಯಲ್ಲಿ ಬದುಕುತ್ತಾನಾ?'

* * *

ಶುಕ್ರವಾರ ಬೆಳಿಗ್ಗೆ ಚನ್ನಗಿರಿ ಬಸ್ ನಿಲ್ದಾಣ.

ಸುನೀತಾಳ ಫೋಟೋ ಹಿಡಿದು ಬಸ್ಸಿನಿಂದ ಬಸ್ಸಿಗೆ ಹೋಗುತ್ತಿದ್ದ ನಿಂಗರಾಜ್ ಗಕ್ಕನೆ ನಿಂತ. ಎದುರಿನ ಬಸ್ಸಿನ ಮೆಟ್ಟಿಲ ಮೇಲೆ ಪುಷ್ಪಾವತಿ ನಿಂತಿದ್ದಳು. ಅವಳ ಕೈಯಲ್ಲೂ ಅದೇ ಮುಖದ ಫೋಟೋ, ರೆಕಾರ್ಡಿಂಗ್ ದಿನ ತೆಗೆದದ್ದು.

"ಬರಬ್ಯಾಡಿ ಅಂದಿದ್ದೆ."

"ನಿಮ್ಮ ಜೊತೆ ಬಂದಿಲ್ಲ. ನನ್ನಷ್ಟಕ್ಕೆ ನಾನು ಬಂದೀನಿ," ಅಂದಳು ಪುಷ್ಪಾವತಿ. "ಕೆರೆಬಿಳಚಿ ಕಡೆ ಬಸ್ಸುಗಳದ್ದು ಮುಗೀತು. ಭದ್ರಾವತಿ ಕಡೆಯವು ಬಾಕಿ."

ಅವನು ಹೊಸದುರ್ಗದ ಬಸ್ಸುಗಳತ್ತ ನಡೆದ. ಭದ್ರಾವತಿಯವನ್ನು ಅವಳಿಗೆ ಬಿಟ್ಟ.

ಮಧ್ಯಾಹ್ನ ಇಬ್ಬರೂ ರಮೇಶನ ಮನೆಗೆ ಹೋದರು. ಅತ್ತೆ ಜಗಲಿಯ ಮೇಲೇ ತಡೆದು ನಿಲ್ಲಿಸಿದರು.

"ನಮ್ಮ ಮಗನ ಮಾನ ಬೀದಿಗಿಟ್ಟು ಹೋದ್ಲು! ಸತ್ತಾಳೋ ಬದುಕ್ಯಾಳೋ ಈ ರೇಡಿಯೋದೋಳನ್ನ ಕೇಳ್ರಿ!"

ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡತೊಡಗಿದರು. ಪುಷ್ಪಾವತಿ ತಲೆ ತಗ್ಗಿಸಿ ನಿಂತಳು. ಬೈಗುಳ ಒಂದೊಂದಾಗಿ ಮೈಮೇಲೆ ಬೀಳುತ್ತಿದ್ದವು.

ಹೊರಡುವಾಗ ರಮೇಶ್ ಹಿತ್ತಲ ಕಡೆಯಿಂದ ಓಡಿ ಬಂದ. ಗಡ್ಡ ಬೆಳೆದ ಮುಖ.

"ಭಾವ... ಅವತ್ತು ಅವ್ವ ಬೈಯಬೇಕಾದ್ರೆ ನಾನು ಒಳಗೇ ಇದ್ದೆ. ಹೊರಗೆ ಬರಲಿಲ್ಲ. ಅವಳು ಒಂದ್ಸಲ ನನ್ನ ಕಡೆ ನೋಡಿದ್ಲು..." ಅವನು ಮುಖ ಒರೆಸಿಕೊಂಡ. "ಭದ್ರಾ ನಾಲೆ ಏರಿ ಮೇಲೆ ನಡ್ಕಂಡು ಹೋಗಾದನ್ನ ಯಾರೋ ನೋಡ್ಯಾರಂತೆ."

ನಾಲೆ!

ನಾಲೆಯ ತುಂಬ ನೀರು ಬಿಟ್ಟಿದ್ದ ದಿನಗಳವು.

ಅಂದು ಹೊತ್ತು ಮುಳುಗುವವರೆಗೂ ಇಬ್ಬರೂ ನಾಲೆಯ ಏರಿಯ ಮೇಲೆ ನಡೆದರು. ಅವನು ಎಡದಂಡೆಯ ಮೇಲೆ, ಅವಳು ಬಲದಂಡೆಯ ಮೇಲೆ. ನಡುವೆ ಕೆಂಪು ನೀರು ಭೋರೆಂದು ಹರಿಯುತ್ತಿತ್ತು. ಬಟ್ಟೆ ಒಗೆಯುವವರನ್ನು ಕೇಳಿದರು. ದನ ಕಾಯುವವರನ್ನು ಕೇಳಿದರು. ತೇಲಿ ಬಂದ ಒಂದು ಹಸಿರು ಬಟ್ಟೆಗೆ ನಿಂಗರಾಜ್ ನೀರಿಗೇ ಇಳಿದುಬಿಟ್ಟ!

"ನಿಂಗರಾಜ್! ಬ್ಯಾಡ್ರೀ! ಸೆಳವು ಐತೆ!"

ಅದು ಹರಿದ ಟವೆಲ್ಲು. ಅವನು ಅದನ್ನು ಹಿಡಿದುಕೊಂಡೇ ದಡದಲ್ಲಿ ಕುಸಿದು ಕುಳಿತ. ಆಚೆ ದಡದಲ್ಲಿ ಪುಷ್ಪಾವತಿಯೂ ಕುಳಿತಳು.

* * *

ಶನಿವಾರ ಬೆಳಿಗ್ಗೆ, ನಿಂಗರಾಜ್ ದೂರು ಕೊಟ್ಟಿದ್ದ ಪೊಲೀಸ್ ಠಾಣೆಯಿಂದ ಫೋನ್ ಬಂತು.

ನಾಲೆಯ ತೂಬಿನ ಹತ್ತಿರ ಒಂದು ಹೆಣ್ಣಿನ ಶವ ಸಿಕ್ಕಿದೆ. ಇಪ್ಪತ್ತೈದರ ಆಸುಪಾಸಿನ ವಯಸ್ಸು. ಗುರುತು ಹಿಡಿಯಲು ಬರಬೇಕು.

ನಿಂಗರಾಜ್ ಆ ಫೋನನ್ನು ಕಿವಿಯಿಂದ ಇಳಿಸಿ, ಯಾಕೋ ಏನೋ, ಮೊದಲು ಕರೆ ಮಾಡಿದ್ದು ಪುಷ್ಪಾವತಿಗೆ. ಅವಳ ನಂಬರು ಅವನಲ್ಲಿ ಇದ್ದದ್ದೇ ಬೈಯುವುದಕ್ಕೆ.

"ಬರ್ತೀರಾ?" ಅಷ್ಟೇ ಕೇಳಿದ.

ಅವಳು ಬಂದಳು.

ಆಸ್ಪತ್ರೆಯ ಹಿಂಭಾಗದ ಆ ಕೋಣೆಯ ಬಾಗಿಲವರೆಗೆ ನಿಂಗರಾಜ್ ನಡೆದ. ಅಲ್ಲಿಂದ ಮುಂದೆ ಅವನ ಕಾಲು ಏಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತ.

"ಆಗ್ತಾ ಇಲ್ರೀ... ಎತ್ತಿ ಆಡಿಸಿದ ಮಗು ಅದು. ನನ್ನ ಕೈಲಿ ಆಗಲ್ಲ..."

ಪುಷ್ಪಾವತಿ ಅವನನ್ನು ನೋಡಿದಳು. ಎರಡು ದಿನ ತನ್ನ ಮೇಲೆ ಕೆಂಡ ಕಾರಿದ ಮನುಷ್ಯ. ಈಗ ಅವನ ಹತ್ತಿರ ಬರೀ ಕಣ್ಣೀರು ಇತ್ತು.

ಅವಳು ಜೀವಮಾನದಲ್ಲಿ ಶವವನ್ನು ಹತ್ತಿರದಿಂದ ನೋಡಿದವಳಲ್ಲ. ಅಪ್ಪ ತೀರಿಕೊಂಡಾಗಲೂ ಮೂರ್ಛೆ ಹೋಗಿದ್ದವಳು.

"ನೀವು ಇಲ್ಲೇ ಕುಂತ್ಕಳ್ರಿ," ಅಂದಳು. "ನಾನು ನೋಡಿ ಬರ್ತೀನಿ."

ಒಳಗಿನ ತಣ್ಣನೆಯ ವಾಸನೆ. ಸಿಬ್ಬಂದಿಯೊಬ್ಬ ಬಟ್ಟೆ ಸರಿಸಿದ. ಪುಷ್ಪಾವತಿ ಉಗುರು ಅಂಗೈಗೆ ನಾಟುವಂತೆ ಮುಷ್ಟಿ ಬಿಗಿದು ಕಣ್ಣು ತೆರೆದಳು...

ಅಲ್ಲ.

ಸುನೀತಾ ಅಲ್ಲ!

ಹಣೆಯಲ್ಲಿ ಹಚ್ಚೆ ಇದ್ದ ಯಾರದೋ ಮಗಳು. ಯಾವುದೋ ಊರಿನಲ್ಲಿ ಯಾರೋ ಅವಳಿಗಾಗಿ ಇದೇ ಹೊತ್ತಿನಲ್ಲಿ ಹುಡುಕುತ್ತಿರಬಹುದು. 'ಸದ್ಯ, ಇವಳಲ್ಲ' ಎಂದು ಮನಸ್ಸು ಹಗುರಾದದ್ದಕ್ಕೆ ಪುಷ್ಪಾವತಿಗೆ ತನ್ನ ಮೇಲೇ ನಾಚಿಕೆಯಾಯಿತು. ಅವಳು ಆ ಅಪರಿಚಿತ ಪಾದಗಳನ್ನು ಮುಟ್ಟಿ ನಮಸ್ಕರಿಸಿ ಹೊರಗೆ ಬಂದಳು.

ನಿಂಗರಾಜ್ ನೆಲದ ಮೇಲೆ ಕುಳಿತಿದ್ದ. ತಲೆ ಎತ್ತಿ ಅವಳ ಮುಖವನ್ನೇ ನೋಡಿದ.

"ಅವಳಲ್ಲ," ಅಂದಳು. ಮರುಕ್ಷಣವೇ ಅವಳಿಗೆ ಕಣ್ಣು ಕತ್ತಲೆ ಬಂತು.

ಅವನು ಎದ್ದು ಹಿಡಿದುಕೊಳ್ಳದಿದ್ದರೆ ಅವಳು ಬಿದ್ದೇಬಿಡುತ್ತಿದ್ದಳು. ಬೆಂಚಿನ ಮೇಲೆ ಕೂರಿಸಿ ನೀರು ಕುಡಿಸಿದ. ಆಮೇಲೆ ಅವಳ ಕಾಲ ಬಳಿ ಕುಳಿತು ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ.

ಆ ಅಳು ಕೇಳುತ್ತಾ ಪುಷ್ಪಾವತಿ ನಿರ್ಧಾರ ಮಾಡಿದಳು. 'ಕೊಟ್ಟ ಮಾತು ಮುರಿದ ಪಾಪ ನನಗೇ ಬರಲಿ. ಸುನೀತಾ ಬದುಕಿದ್ದರೆ ಬೈಯಲಿ. ಬದುಕಿರಲಿ ಸಾಕು.'

"ಬರ್ರಿ," ಅಂದಳು. "ಆ ಹನ್ನೆರಡು ನಿಮಿಷ ಕೇಳಿಸ್ತೀನಿ. ಆದ್ರೆ ನಿಂಗರಾಜ್... ಗಟ್ಟಿ ಮನಸ್ಸು ಮಾಡ್ಕಳ್ರಿ."

* * *

ಹೊನ್ನಾಳಿಯ ಸ್ಟುಡಿಯೋ. ಹೊರಗೆ ಸಂಜೆಯ ಬಿಸಿಲು. ಹೆಡ್‌ಫೋನ್ ಹಾಕಿಕೊಂಡ ನಿಂಗರಾಜನ ಕಿವಿಯಲ್ಲಿ ತಂಗಿಯ ದನಿ.

'ನಮ್ಮಣ್ಣ ಒಳ್ಳೇನು ಅಕ್ಕ. ತಾನು ಉಪವಾಸ ಇದ್ದು ನಂಗೆ ಉಣ್ಣಿಸ್ಯಾನೆ. ಆದ್ರೆ ಅವನಿಗೆ ನಾನು ಹೇಳಾದು ಕೇಳ್ಸಲ್ಲ. ಮೂರು ಸಲ ಬಂದೆ ಅಕ್ಕ ನ್ಯಾಮತಿಗೆ. ಅಲ್ಲಿ ಇರಾಕಾಗಲ್ಲ ಅಣ್ಣ ಅಂತ ಬಾಯಿ ತೆರೀತಿದ್ದಂಗೇ, ಹೆಣ್ಣುಮಕ್ಕಳು ಹೊಂದ್ಕಂಡು ಹೋಗ್ಬೇಕವ್ವ ಅನ್ನಾನು. ಹಿಂದಿನ ಎರಡು ಸಲಾನೂ ಒಂದೊಂದು ಸೀರೆ ಕೊಡಿಸಿ ಬಸ್ ಹತ್ತಿಸಿದ, ಈ ಸಲಾನೂ ಸೀರೆ ತಂದಿಟ್ಟಾನೆ. ಬಸ್ಸಿನ ಕಿಟಕಿ ಹತ್ರ ನಿಂತು ಟಾಟಾ ಮಾಡ್ತಿದ್ದ. ಅವನಿಗೆ ಖುಷಿ... ತಂಗಿ ಗಂಡನ ಮನೆಗೆ ಹೊಂಟ್ಲು ಅಂತ...'

ನಿಂಗರಾಜನ ಬೆರಳುಗಳು ಮೇಜಿನ ಅಂಚನ್ನು ಹಿಡಿದವು.

'ನಾಕನೇ ಸಲ ನಾನು ಇಲ್ಲಿಗೆ ಬರಲ್ಲ ಅಕ್ಕ. ಬಂದ್ರೆ ಮತ್ತೆ ಸೀರೆ ಕೊಡಿಸ್ತಾನೆ.'

ಒಂದು ಸಣ್ಣ ನಗು.

'ನಂಗೆ ಕಣ್ತುಂಬ ನಿದ್ದೆ ಬಂದಿದ್ದು ಒಂದೇ ಮನೇಲಿ ಅಕ್ಕ. ಹೊಲಿಗೆ ಮಿಷನ್ ಸದ್ದು ಆಗ್ತಿದ್ರೂ ಹಂಗೇ ಮಲಗಿಬಿಡ್ತಿದ್ದೆ. ಬಡಿದೆಬ್ಬಿಸಿ ಊಟಕ್ಕಿಡೋರು...'

ನಿಂಗರಾಜ್ ಹೆಡ್‌ಫೋನ್ ಕಿತ್ತು ಎದ್ದು ನಿಂತ!

"ತಾಜ್‌ಬೀ..."

"ಏನು?"

"ಜಗಳೂರು! ಡಿಗ್ರಿ ಓದೋವಾಗ ನಿಲೋಫರ್ ಅಂತ ಹಾಸ್ಟೆಲ್ ಗೆಳತಿ. ರಜಾ ಬಂದ್ರೆ ಅವರ ಮನೆಗೇ ಓಡೋಳು. ಅವರಮ್ಮ ತಾಜ್‌ಬೀ ಬಟ್ಟೆ ಹೊಲೀತಾರೆ. ಮದುವೆ ಗೊತ್ತಾದ ಮೇಲೆ ನಾನೇ... ನಾನೇ ಬಿಡಿಸಿದೆ. ಅವರ ಮನೆಗೆಲ್ಲ ಹೋಗಿ ಇರಬ್ಯಾಡ, ಬೀಗರು ಏನಂತಾರೆ ಅಂತ..."

ಐದು ಸಲ ಕೇಳಿದರೂ ಪುಷ್ಪಾವತಿಗೆ ಆ ಮನೆ ಯಾವುದೆಂದು ತಿಳಿದಿರಲಿಲ್ಲ. ತಿಳಿಯಬಹುದಾಗಿದ್ದ ಒಬ್ಬನೇ ಮನುಷ್ಯನಿಂದ ಅವಳು ಅದನ್ನು ಮುಚ್ಚಿಟ್ಟಿದ್ದಳು!

"ಮೊನ್ನೇನೇ ಕೇಳಿಸಬೇಕಿತ್ತು," ಅಂದಳು. "ಎರಡು ದಿನ ಹಾಳು ಮಾಡಿದೆ. ನನ್ನ ತಪ್ಪು."

ನಿಂಗರಾಜ್ ಅವಳತ್ತ ನೋಡಲೇ ಇಲ್ಲ. ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

'ಇನ್ನು ಇವನು ನನ್ನನ್ನು ಎಂದೂ ಕ್ಷಮಿಸುವುದಿಲ್ಲ,' ಅಂದುಕೊಂಡಳು ಪುಷ್ಪಾವತಿ.

* * *

ಭಾನುವಾರ ನಸುಕಿನ ಬಸ್ಸು. ದಾವಣಗೆರೆಯಲ್ಲಿ ಇಳಿದು ಜಗಳೂರಿನ ಬಸ್ಸು ಹತ್ತಿದಾಗ ಗದ್ದೆಯ ಹಸಿರು ಹಿಂದೆ ಉಳಿದು ಮೆಕ್ಕೆಜೋಳದ ಒಣ ಹೊಲಗಳು ಶುರುವಾದವು. ನಿಂಗರಾಜ್ ಕಾಗದದ ಪೊಟ್ಟಣದಲ್ಲಿ ಮಂಡಕ್ಕಿ ತಂದು ಅವಳ ಕೈಗಿಟ್ಟ. ತಾನು ತಿನ್ನಲಿಲ್ಲ. ಅವಳೂ ಪೊಟ್ಟಣ ಬಿಚ್ಚಲಿಲ್ಲ.

'ಅಲ್ಲಿ ಇಲ್ಲದಿದ್ದರೆ?' ಇಬ್ಬರ ಮನಸ್ಸಿನಲ್ಲೂ ಅದೊಂದೇ ಪ್ರಶ್ನೆ.

ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ತಾಜ್‌ಬೀ ಮನೆ. ಬಾಗಿಲಿಗೆ ಬಂದ ಹಿರಿಯ ಹೆಂಗಸು ನಿಂಗರಾಜನನ್ನು ಕಂಡೊಡನೆ ಸೆರಗು ತಲೆಗೆ ಎಳೆದುಕೊಂಡು ಬಾಗಿಲಿಗೆ ಅಡ್ಡ ನಿಂತರು.

"ಇಲ್ಲಿ ಯಾರೂ ಇಲ್ಲ ಬೇಟಾ. ಹೋಗ್ರಿ."

"ಅಮ್ಮ, ಒಂದೇ ಮಾತು ಹೇಳ್ರಿ... ಅವಳು ಜೀವಂತ ಅದಾಳಾ? ಹೂಂ ಅಂದ್ರೆ ಸಾಕು. ಇಲ್ಲಿಂದಲೇ ವಾಪಸ್ ಹೋಗ್ತೀನಿ."

ತಾಜ್‌ಬೀ ಅವನ ಮುಖ ನೋಡಿದರು. ಸುಳ್ಳು ಹೇಳಿ ಗಟ್ಟಿಯಾಗಿ ನಿಂತಿದ್ದ ಆ ಕಣ್ಣುಗಳು ಮೆತ್ತಗಾದವು.

"ಹೂಂ," ಅಂದರು.

ನಿಂಗರಾಜ್ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಪುಷ್ಪಾವತಿ ಗೋಡೆಗೆ ಹಣೆ ಆನಿಸಿದಳು. ಬದುಕಿದ್ದಾಳೆ... ಬದುಕಿದ್ದಾಳೆ!

"ಸುನೀ," ನಿಂಗರಾಜ್ ತೆರೆದ ಬಾಗಿಲ ಕತ್ತಲೆಯತ್ತ ಹೇಳಿದ. "ಕರಕೊಂಡು ಹೋಗಾಕೆ ಬಂದಿಲ್ಲವ್ವ. ಸೀರೆನೂ ತಂದಿಲ್ಲ. ನೀನು ಏನು ಹೇಳಬೇಕು ಅಂತಿದ್ಯೋ ಅದನ್ನ ಕೇಳಾಕೆ ಬಂದೀನಿ. ಇವತ್ತು ಹೇಳ್ತೀಯೋ, ನಾಳೆ ಹೇಳ್ತೀಯೋ... ನಾನು ಇಲ್ಲೇ ಕುಂತಿರ್ತೀನಿ."

ಒಳಗೆ ಏನೋ ಸದ್ದಾಯಿತು. ಮೊದಲು ನಿಲೋಫರ್ ಕಾಣಿಸಿದಳು. ಅವಳ ಭುಜ ಹಿಡಿದುಕೊಂಡು, ಸೊರಗಿದ ಮುಖದ ಸುನೀತಾ.

"ನಾನು ವಾಪಸ್ ಹೋಗಲ್ಲ ಅಣ್ಣ."

"ಬ್ಯಾಡ."

"ಆ ಮನೆಗೂ ಹೋಗಲ್ಲ, ನ್ಯಾಮತಿಗೂ ಬರಲ್ಲ. ಸದ್ಯಕ್ಕೆ ಇಲ್ಲೇ ಇರ್ತೀನಿ. ಹೊಲಿಗೆ ಕಲೀತೀನಿ."

"ಇರವ್ವ."

"ನಾಲೆ ತಂಕ ಹೋಗಿದ್ದೆ ಅಣ್ಣ..." ಅವಳು ಗೆಳತಿಯ ಭುಜ ಬಿಟ್ಟು ಮುಂದೆ ಬಂದಳು. "ನೀರು ನೋಡಿ ಭಯ ಆತು. ಸಾಯಾಕೂ ಭಯ, ಬದುಕಾಕೂ ಭಯ. ಯಾರ ಹತ್ರ ಹೋಗಲಿ ಅಂತ ಯೋಚನೆ ಮಾಡಿದ್ರೆ ನಿನ್ನ ಮುಖ ಬರಲೇ ಇಲ್ಲ."

ನಿಂಗರಾಜ್ ಎದ್ದು ಹೋಗಿ ತಂಗಿಯ ತಲೆಯನ್ನು ಎದೆಗೆ ಒತ್ತಿಕೊಂಡ.

ಪುಷ್ಪಾವತಿ ದೂರ ನಿಂತಿದ್ದಳು. ಸುನೀತಾ ಅಣ್ಣನ ಭುಜದ ಮೇಲಿಂದ ಅವಳನ್ನು ನೋಡಿದಳು.

"ನಿಮ್ಮ ಮೇಲೆ ಕೋಪ ಐತೆ ಅಕ್ಕ. ಹೆಸರು ಬದಲಿಸಿದ್ರಿ, ದನಿ ಹಂಗೇ ಬಿಟ್ರಿ."

"ಗೊತ್ತು ಸುನೀತಾ. ನಾನು ಯೋಚನೆ ಮಾಡಬೇಕಿತ್ತು. ಇನ್ನೊಂದು ತಪ್ಪೂ ಮಾಡೀನಿ... ಆ ಹನ್ನೆರಡು ನಿಮಿಷ ಅವರಿಗೆ ಕೇಳಿಸಿದೆ."

ಸುನೀತಾ ಅಣ್ಣನ ಮುಖ ನೋಡಿದಳು. "ಕೇಳಲಿ ಬಿಡ್ರಿ," ಅಂದಳು. "ನನ್ನ ಬಾಯಿಂದ ಹೇಳಾಕೆ ಆಗ್ತಿರಲಿಲ್ಲ."

ಅಣ್ಣತಂಗಿ ಒಳಗೆ ಹೋದರು. ಪುಷ್ಪಾವತಿ ಯಾರಿಗೂ ಹೇಳದೆ ಬಸ್ ನಿಲ್ದಾಣದತ್ತ ನಡೆದಳು. ತನ್ನ ಕೆಲಸ ಮುಗಿಯಿತು. ಅವರ ನಡುವೆ ತನಗೇನು ಜಾಗ? ಓಣಿಯ ತಿರುವಿನಲ್ಲಿ ಒಂದೇ ಒಂದು ಸಲ ತಿರುಗಿ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.

* * *

ಎರಡು ತಿಂಗಳು ಕಳೆದವು.

ಪುಷ್ಪಾವತಿ 'ನನ್ನ ಮಾತು' ನಿಲ್ಲಿಸಿದ್ದಳು. ಮೈಕು ಮುಟ್ಟಿದರೆ ಆ ತಣ್ಣನೆಯ ಕೋಣೆ ನೆನಪಾಗುತ್ತಿತ್ತು. ಅಮ್ಮ ನಿರ್ಮಲಮ್ಮ ಎಷ್ಟು ಹೇಳಿದರೂ ಸರಿಯಾಗಿ ಉಣ್ಣುತ್ತಿರಲಿಲ್ಲ.

ಮೂರು ಸಲ ನಿಂಗರಾಜನಿಗೆ ಫೋನ್ ಮಾಡಿದ್ದಳು. ಅವನು ಎತ್ತಲಿಲ್ಲ. ನಾಲ್ಕನೇ ಸಲ ಮಾಡುವ ಧೈರ್ಯ ಬರಲಿಲ್ಲ.

'ಅವನು ದ್ವೇಷಿಸುವುದು ಸರಿಯೇ. ನನ್ನಿಂದ ಅವನು ಏನೆಲ್ಲ ಅನುಭವಿಸಿದ...' ಹಾಗೆಂದು ಮನಸ್ಸಿಗೆ ಎಷ್ಟು ಹೇಳಿದರೂ ಅದು ಕೇಳುತ್ತಿರಲಿಲ್ಲ. ನಾಲೆಯ ಆಚೆ ದಡದಲ್ಲಿ ತನ್ನಷ್ಟೇ ನಿಧಾನವಾಗಿ ಹೆಜ್ಜೆ ಹಾಕಿದವನು, ನೀರು ಕುಡಿಸಿದವನು... ಅವನಿಲ್ಲದೆ ದಿನಗಳು ಭಾರವಾಗಿದ್ದವು. ಇದಕ್ಕೆ ಏನು ಹೆಸರು ಎಂದು ಅವಳಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿಕೊಳ್ಳುವ ಹಕ್ಕು ತನಗಿಲ್ಲ ಅನ್ನಿಸುತ್ತಿತ್ತು.

ಒಂದು ದಿನ ಮರುಳಸಿದ್ದಪ್ಪನವರು ರೆಕಾರ್ಡರ್ ತಂದು ಅವಳ ಮುಂದಿಟ್ಟರು.

"ತಪ್ಪಾತು ಅಂತ ಕೆಲಸ ಬಿಟ್ರೆ ತಪ್ಪು ಹಂಗೇ ಉಳೀತದೆ ಕಣಮ್ಮ. ಇನ್ನು ಮುಂದೆ ಹೆಂಗೆ ಮಾಡಬೇಕು ಹೇಳು, ಹಂಗೇ ಮಾಡಾಣ."

ಅವಳು ಯೋಚಿಸಿ ಹೇಳಿದಳು. "ಮಾತಾಡಿದೋರು ಎಡಿಟ್ ಆಗಿದ್ದನ್ನ ಮೊದಲು ತಾವೇ ಕೇಳಬೇಕು ಸಾರ್. ಅವರು ಹೂಂ ಅಂದ ಮೇಲೇ ಪ್ರಸಾರ. ಬ್ಯಾಡ ಅಂದ್ರೆ ಬ್ಯಾಡ."

"ಆತು. ನಾಳೆ ನ್ಯಾಮತೀಲಿ ಮಹಿಳಾ ಸಂಘದೋರ ಸಮಾವೇಶ ಐತೆ. ಹೋಗಿ ಬಾ."

ನ್ಯಾಮತಿ! ಆದರೂ ಹೊರಟಳು.

ಮೈದಾನದಲ್ಲಿ ಶಾಮಿಯಾನ ಕಟ್ಟಿದ್ದರು. ಕಂಬದ ಮೇಲೆ ಲೌಡ್‌ಸ್ಪೀಕರ್ ಬಿಗಿಯುತ್ತಿದ್ದವನು ಕೆಳಗೆ ನೋಡಿದ. ಅವನ ಕೈಯಲ್ಲಿದ್ದ ತಂತಿ ಜಾರಿ ಬಿತ್ತು.

ನಿಂಗರಾಜ್!

ಕಣ್ಣು ಕಣ್ಣು ಸೇರಿದವು. ಅವನು ಸರಸರನೆ ಇಳಿದು, ಅವಳತ್ತ ಬರದೆ ವೇದಿಕೆಯ ಹಿಂದಕ್ಕೆ ನಡೆದುಬಿಟ್ಟ.

ಪುಷ್ಪಾವತಿಗೆ ಅಳು ಬಂತು. ಮರುಕ್ಷಣವೇ ಸಿಟ್ಟೂ ಬಂತು. ದ್ವೇಷವಾದರೆ ದ್ವೇಷ, ಎದುರಿಗೇ ಹೇಳಲಿ! ಅವಳು ಹಿಂದೆಯೇ ಹೋದಳು.

"ನಿಂತ್ಕಳ್ರಿ! ಯಾಕೆ ಫೋನ್ ಎತ್ತಲಿಲ್ಲ? ಇನ್ನೂ ಬೈಯೋದಿದ್ರೆ ಬೈದುಬಿಡ್ರಿ. ಹಿಂಗೆ ಮುಖ ತಿರುಗಿಸಿ ಹೋಗಬ್ಯಾಡ್ರಿ..."

ನಿಂಗರಾಜ್ ನಿಂತ. ತಿರುಗಲಿಲ್ಲ.

"ಏನಂತ ಎತ್ತಲಿ? ಆ ಹನ್ನೆರಡು ನಿಮಿಷ ನೀವು ನನಗಿಂತ ಮೊದಲೇ ಕೇಳಿದ್ರಿ. ನಾನು ಎಂಥ ಅಣ್ಣ ಅಂತ ಮೊದಲ ದಿನಾನೇ ನಿಮಗೆ ಗೊತ್ತಿತ್ತು. ಆದ್ರೂ ನನ್ನ ಬೈಗುಳ ತಿಂದ್ರಿ. ನೀನೇನು ಕಮ್ಮಿ, ನೀನೇ ಅಲ್ವಾ ಅವಳನ್ನ ಮೂರು ಸಲ ವಾಪಸ್ ಅಟ್ಟಿದೋನು ಅಂತ ಒಂದು ಮಾತು ಅಂದಿದ್ರೆ ನನ್ನ ಬಾಯಿ ಮುಚ್ಚಿಹೋಗ್ತಿತ್ತು. ನೀವು ಅನ್ನಲಿಲ್ಲ."

ಅವನು ತಿರುಗಿದ. ಕಣ್ಣು ತುಂಬಿದ್ದವು.

"ನನಗೆ ನೋವಾಗ್ತೈತೆ ಅಂತ ಮುಚ್ಚಿಟ್ರಿ. ನಾನು ನಿಮ್ಮ ತಪ್ಪು ಮುಚ್ಕಳ್ತಿದೀರಿ ಅಂದೆ. ಅಂಥೋರ ಮುಂದೆ ಯಾವ ಮುಖ ಇಟ್ಕಂಡು ನಿಂತ್ಕಳ್ಳಲಿ? ಎಷ್ಟು ಸಲ ಹೊನ್ನಾಳಿ ತಂಕ ಬಂದೆ ಗೊತ್ತಾ? ನಿಮ್ಮ ಕೇಂದ್ರದ ಗೇಟ್ ನೋಡಿ ವಾಪಸ್ ಬರ್ತಿದ್ದೆ."

'ಎರಡು ತಿಂಗಳು... ನಾನು ಇಲ್ಲಿ ಸಾಯುತ್ತಿದ್ದರೆ, ಅವನು ಅಲ್ಲಿ...'

"ನೀವು ನನ್ನ ಕ್ಷಮಿಸಿಲ್ಲ ಅನ್ಕಂಡಿದ್ದೆ," ಅಂದಳು ಸಣ್ಣ ದನಿಯಲ್ಲಿ.

"ಕ್ಷಮಿಸಾದಾ? ದಿನಾ ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ನೆನಪೇ ಬರ್ತೈತೆ. ಅದಕ್ಕೆ ಏನು ಮಾಡಾದು ಅಂತ ಗೊತ್ತಾಗದೆ ಒದ್ದಾಡ್ತಿದೀನಿ ಕಣ್ರೀ!"

ಮಾತು ಬಾಯಿಂದ ಜಾರಿದ ಮೇಲೆ ಅವನೇ ಗಾಬರಿಯಾದ. ಶಾಮಿಯಾನದ ಆಚೆ ಹೆಂಗಸರ ಕಲರವ. ಇಲ್ಲಿ ಇಬ್ಬರ ಉಸಿರು ಮಾತ್ರ.

ಪುಷ್ಪಾವತಿಯ ಕೆನ್ನೆಯ ಮೇಲೆ ನೀರು ಹರಿಯಿತು. ಒರೆಸಿಕೊಳ್ಳಲಿಲ್ಲ.

"ನನಗೂ ಅಷ್ಟೇ," ಅಂದಳು.

"ಏನು?"

"ನನಗೂ ಬೆಳಿಗ್ಗೆ ಎದ್ದ ಕೂಡಲೇ... ಅಷ್ಟೇ."

ಅವನು ಒಂದು ಹೆಜ್ಜೆ ಹತ್ತಿರ ಬಂದ. ಕೈ ಚಾಚಿ, ಮುಟ್ಟಲೋ ಬೇಡವೋ ಎಂದು ನಡುವೆಯೇ ನಿಲ್ಲಿಸಿದ. ಆ ಕೈಯನ್ನು ಅವಳೇ ಹಿಡಿದುಕೊಂಡಳು.

"ನಾನು ಅಷ್ಟು ಒಳ್ಳೇನಲ್ಲ ಪುಷ್ಪಾವತಿಯವರೆ. ಕೇಳಿಸ್ಕಳ್ಳಾದು ಈಗೀಗ ಕಲೀತಿದೀನಿ."

"ಪುಷ್ಪಾ ಅಂದ್ರೆ ಸಾಕು."

ಅವನಿಗೆ ಆ ಹೆಸರು ಬಾಯಿಗೆ ಬರಲು ಎರಡು ಉಸಿರು ಬೇಕಾಯಿತು.

"ಪುಷ್ಪಾ..."

"ಹ್ಞೂಂ."

"ಭಯ ಆಗ್ತೈತೆ."

"ನನಗೂ."

"ಮತ್ತೆ ಹೆಂಗೆ?"

ಅವಳು ಕಣ್ಣೀರಿನಲ್ಲೇ ನಕ್ಕಳು. ಎಷ್ಟೋ ದಿನಗಳ ಮೇಲೆ ಬಂದ ನಗು.

"ಇಬ್ಬರೂ ಭಯಪಡಾಣ ಬಿಡಿ," ಅಂದಳು. "ಒಟ್ಟಿಗೆ."